ಬೆತ್ತ ಕೇಳುವ ಮೊದಲು ಮಗುವಿನ ನಿದ್ದೆ ವಿಚಾರಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಪುಟದಲ್ಲಿ ಹಿರಿಯ ಓದುಗರೊಬ್ಬರು ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲ, ಮೇಷ್ಟ್ರ ಕೈಗೆ ಮತ್ತೆ ಬೆತ್ತ ಬರದಿದ್ದರೆ ಇವರು ದಾರಿಗೆ ಬರುವುದಿಲ್ಲ ಎಂದು ಬರೆದಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕ, ಮಕ್ಕಳ ಬಾಯಲ್ಲಿ ಪೀಟಿ ಮೇಷ್ಟ್ರು. ಕೆಲಸಕ್ಕೆ ಸೇರಿ 19 ವರ್ಷವಾಯಿತು. ಹಿಂದೆಮುಂದೆ ನೋಡದೆ ತಳ್ಳುವ, ಕಚ್ಚುವ, ಕಲ್ಲು ಬೀರುವ, ಆಮೇಲೆ ‘ಯಾಕೋ ಹಂಗೆ ಮಾಡ್ದೆ?’ ಎಂದರೆ ನೆಲ ನೋಡುತ್ತಾ ನಿಲ್ಲುವ ಮಕ್ಕಳನ್ನು ನನ್ನ ಹತ್ತಿರಕ್ಕೇ ಕಳಿಸುತ್ತಾರೆ. ಶಿಸ್ತು ಎಂದರೆ ಪೀಟಿ ಮೇಷ್ಟ್ರ ಪಾಲಿನ ಕೆಲಸ ಎನ್ನುವುದು ಮೊದಲಿಂದ ನಡೆದುಬಂದದ್ದು. ಬೆತ್ತದ ಮಾತಿಗೆ ಕಾನೂನಿನ ಉತ್ತರ ಆಗಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ನಾನು ಪೆನ್ನು ಹಿಡಿದದ್ದು ಕಾನೂನು ಹೇಳುವುದಕ್ಕಲ್ಲ. ಕಳೆದ ವರ್ಷ ನಾನೇ ಒಬ್ಬ ಹುಡುಗನಿಗೆ ಕೊಟ್ಟ ಶಿಕ್ಷೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೆ.

ಅವನು ಆಗ ಐದನೇ ತರಗತಿ. ಸಣ್ಣ ಆಳು, ಚುರುಕಾದ ಕಾಲು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಭಾರತದ ಹೆಣ್ಣುಮಕ್ಕಳು ಗೆದ್ದಾಗ ಆ ತಂಡದಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಅಲ್ಲಿಂದೀಚೆಗೆ ನಮ್ಮ ಶಾಲೆಯ ಮಕ್ಕಳಿಗೆ ಖೋ ಖೋ ಎಂದರೆ ಹುಚ್ಚು. ಆಟ ಗೊತ್ತಿದ್ದವರಿಗೆ ಗೊತ್ತು, ಅದರಲ್ಲಿ ಓಡುವುದಕ್ಕಿಂತ ಕೂರುವುದು ಕಷ್ಟ. ಹಿಂದಿನಿಂದ ಬಂದವನು ಬೆನ್ನು ಮುಟ್ಟಿ ‘ಖೋ’ ಎಂದು ಕೂಗುವ ತನಕ ಕೂತವನು ಏಳುವಂತಿಲ್ಲ. ಎದ್ದರೆ ಫೌಲು. ಎದುರಾಳಿ ಕಣ್ಣೆದುರೇ ಹಾದುಹೋಗುತ್ತಿದ್ದರೂ ಮೈ ಬಿಗಿಹಿಡಿದು ಕೂತಿರಬೇಕು. ಈ ಹುಡುಗನಿಗೆ ಅದೊಂದು ಆಗುತ್ತಿರಲಿಲ್ಲ. ನಿಯಮ ಬಾಯಿಪಾಠ ಬರುತ್ತಿತ್ತು, ಬೇರೆಯವರಿಗೆ ಹೇಳಿಕೊಡುತ್ತಿದ್ದ, ಆದರೆ ಖೋ ಬೀಳುವ ಮೊದಲೇ ಎದ್ದುಬಿಡುತ್ತಿದ್ದ. ಓಟದ ಸ್ಪರ್ಧೆಯಲ್ಲೂ ಅಷ್ಟೇ, ಸೀಟಿ ನನ್ನ ಬಾಯಿಗೆ ಬರುವ ಹೊತ್ತಿಗೆ ಅವನು ನಾಲ್ಕು ಹೆಜ್ಜೆ ಮುಂದೆ. ಪಾಠದ ಹೊತ್ತಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ, ಪಕ್ಕದವನ ಜಾಮಿಟ್ರಿ ಬಾಕ್ಸು ಕಿತ್ತುಕೊಳ್ಳುತ್ತಾನೆ ಎಂದು ಕ್ಲಾಸ್ ಟೀಚರ್ ದೂರು ಹೇಳುತ್ತಲೇ ಇದ್ದರು.

ಜುಲೈ ತಿಂಗಳ ಒಂದು ಮಧ್ಯಾಹ್ನ, ಬಿಸಿಯೂಟ ಮುಗಿದಿತ್ತು. ಹುಣಸೆ ಮರದ ಕೆಳಗೆ ಅವನು ಕೈಗೆ ಸಿಕ್ಕ ಕಲ್ಲು ಬೀಸಿದ. ಅದು ಮರಕ್ಕೆ ಹೋಗಲಿಲ್ಲ, ಕೈ ತೊಳೆದು ಬರುತ್ತಿದ್ದ ನಾಲ್ಕನೇ ತರಗತಿಯ ಹುಡುಗಿಯ ಹುಬ್ಬಿನ ಮೇಲೆ ಬಿತ್ತು. ಮೂರು ಹೊಲಿಗೆ. ಕಣ್ಣಿಗೂ ಗಾಯಕ್ಕೂ ಒಂದು ಬೆರಳಷ್ಟೇ ದೂರವಿತ್ತು. ಅವಳ ತಾಯಿ ಶಾಲೆಗೆ ಬಂದು ಕೂಗಾಡಿದರು, ಕೂಗಾಡುವುದಕ್ಕೆ ಅವರಿಗೆ ಎಲ್ಲ ಹಕ್ಕೂ ಇತ್ತು. ನಾನು ಹುಡುಗನನ್ನು ನಿಲ್ಲಿಸಿ ಕೇಳಿದೆ. ಅವನು ಹೇಳಿದ್ದು ಇಷ್ಟೇ: ‘ಗೊತ್ತಿಲ್ಲ ಸಾ. ಕೈ ಹೋಗ್ಬುಡ್ತು.’

ಇದು ಉದ್ಧಟತನ ಎಂದುಕೊಂಡೆ. ಮೈದಾನಕ್ಕೆ ಆರು ಸುತ್ತು ಹೊಡೆಯಲು ಹೇಳಿದೆ. ನಾಲ್ಕು ಸುತ್ತು ಮುಗಿಸಿ ಬೇವಿನ ಮರದ ಬುಡದಲ್ಲಿ ಕೂತ. ನಾನು ಹೆಡ್‌ಮಾಸ್ಟರ್ ಜತೆ ಎರಡು ಮಾತಾಡಿ ತಿರುಗಿ ನೋಡುವಷ್ಟರಲ್ಲಿ ನಿದ್ದೆ ಹೋಗಿದ್ದ. ಬಾಯಿ ಬಿಟ್ಟು, ಕತ್ತು ಹಿಂದಕ್ಕೆ ವಾಲಿಸಿ. ಶಿಕ್ಷೆ ತಪ್ಪಿಸಿಕೊಳ್ಳಲು ನಾಟಕ ಆಡುತ್ತಿದ್ದಾನೆಂದು ಭುಜ ಹಿಡಿದು ಎಬ್ಬಿಸಿ ಉಳಿದ ಎರಡು ಸುತ್ತನ್ನೂ ಓಡಿಸಿದೆ. ಸಂಪಾದಕರೇ, ಆ ಎರಡು ಸುತ್ತು ನನ್ನ ತಲೆಯಲ್ಲಿ ಇನ್ನೂ ಓಡುತ್ತಲೇ ಇವೆ.

ಅವನ ತಂದೆಗೆ ಮೂರು ಸಲ ಹೇಳಿ ಕಳಿಸಿದರೂ ಶಾಲೆಗೆ ಬಂದಿರಲಿಲ್ಲ. ಬೇಜವಾಬ್ದಾರಿ ಮನುಷ್ಯ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಾತಾಡಿಕೊಂಡೆವು. ಕಡೆಗೆ ನಾನೇ ಒಂದು ರಾತ್ರಿ ಬೈಕ್ ಹತ್ತಿ ಅವರ ಮನೆಗೆ ಹೋದೆ, ಒಂಬತ್ತೂ ಮುಕ್ಕಾಲು ಇರಬಹುದು. ತಂದೆ ಆಗಲೇ ತೋಟಕ್ಕೆ ಹೊರಟುಹೋಗಿದ್ದರು. ಆ ವಾರ ಅವರ ಲೈನಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿತ್ತು. ಬೆಳಗಿನ ಜಾವದ ತನಕ ಕಬ್ಬಿಗೆ ನೀರು ಕಟ್ಟಿ, ಬಂದು ಹಾಲು ಕರೆದು ಡೇರಿಗೆ ಹಾಕಿ ಮಲಗಿದವರು ಶಾಲೆಯ ಹೊತ್ತಿಗೆ ಹೇಗೆ ಎದ್ದುಬರುತ್ತಾರೆ?

ಬಾಗಿಲಲ್ಲಿ ಅಜ್ಜಿ ಚಾಪೆ ಹಾಕಿ ಕೂರಿಸಿದರು. ಒಳಗಿನಿಂದ ಗೊರಕೆ ಕೇಳುತ್ತಿತ್ತು, ದೊಡ್ಡವರ ಗೊರಕೆ. ಯಾರು ಮಲಗಿರುವುದೆಂದು ಕೇಳಿದೆ. ‘ನಿಮ್ ಶಿಷ್ಯನೇ ಸಾ. ಅವ್ರ ತಾತಂದೇ ಗೊರ್ಕೆ ಬಂದದೆ ಇವ್ನಿಗೆ. ಒಳ್ಳೆ ನಿದ್ದೆ, ತಮಟೆ ಬಡುದ್ರೂ ಏಳಾಕಿಲ್ಲ’ ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರು. ಒಳಗೆ ಹೋಗಿ ನೋಡಿದೆ. ಮಟ್ಟಸವಾಗಿ ಮಲಗಿರಲಿಲ್ಲ, ರಾಗಿ ಮೂಟೆಗೆ ಬೆನ್ನು ಕೊಟ್ಟು ಅರ್ಧ ಕೂತಂತೆ ಮಲಗಿದ್ದ. ಬಾಯಿ ತೆರೆದಿತ್ತು, ಕತ್ತೆಲ್ಲಾ ಬೆವರು, ಉಸಿರೆಳೆದಾಗ ಎದೆಯ ನಡುವಿನ ಗುಂಡಿ ಒಳಕ್ಕೆ ಹೋಗುತ್ತಿತ್ತು. ಗೊರಕೆ ಏರುತ್ತಾ ಏರುತ್ತಾ ಇದ್ದಕ್ಕಿದ್ದಂತೆ ನಿಂತಿತು. ಎದೆ ಏಳುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಓಟದ ಟೈಮ್ ನೋಡುವ ಅಭ್ಯಾಸದಿಂದ ನನಗರಿವಿಲ್ಲದೆ ಎಣಿಸಿದೆ. ಹನ್ನೊಂದು ಎಣಿಸುವಷ್ಟರಲ್ಲಿ ನೀರಿನಿಂದ ಮೇಲೆ ಬಂದವನ ಹಾಗೆ ಗಕ್ಕನೆ ಉಸಿರೆಳೆದುಕೊಂಡು ಮಗ್ಗಲು ಬದಲಿಸಿದ. ಮತ್ತೆ ಗೊರಕೆ. ನಾನು ಕೂತಿದ್ದ ಅರ್ಧ ಗಂಟೆಯಲ್ಲಿ ಇದು ಎಷ್ಟು ಸಲ ಆಯಿತೋ ಲೆಕ್ಕ ತಪ್ಪಿತು. ಹೊರಡುವಾಗ ಅಜ್ಜಿ ದನಿ ತಗ್ಗಿಸಿ, ‘ಯಾರ್ಗೂ ಹೇಳ್ಬ್ಯಾಡಿ ಸಾ, ಇನ್ನೂ ಚಾಪೆ ಒದ್ದೆ ಮಾಡ್ಕತಾನೆ’ ಎಂದರು. ಈಗ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಹಳ್ಳಿಯ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಅವನಿಗೆ ಎರಡು ವರ್ಷದಿಂದ ನೆಗಡಿ ಔಷಧ ಕೊಡುತ್ತಲೇ ಇದ್ದರಂತೆ. ಮಂಡ್ಯದ ದೊಡ್ಡಾಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ತಂದೆಯ ಜತೆ ನಾನೂ ಹೋದೆ. ಕತ್ತಿನ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸಿದರು. ಮೂಗಿನ ಹಿಂದೆ, ಗಂಟಲಿಗೆ ಇಳಿಯುವ ದಾರಿಯಲ್ಲಿ ಅಡಿನಾಯ್ಡ್ ಎನ್ನುವ ಗ್ರಂಥಿ ಊದಿಕೊಂಡು ಉಸಿರಿನ ದಾರಿಯನ್ನೇ ಮುಚ್ಚಿತ್ತು. ನಮ್ಮ ಕಡೆ ‘ಮೂಗಲ್ಲಿ ದುರ್ಮಾಂಸ ಬೆಳೆದದೆ’ ಎನ್ನುತ್ತಾರಲ್ಲ, ಅದೇ. ಟಾನ್ಸಿಲ್ ಕೂಡ ದೊಡ್ಡದಾಗಿತ್ತು. ಆ ವೈದ್ಯರು ಕೇಳಿದ ಮೊದಲ ಪ್ರಶ್ನೆ ಮೂಗಿನ ಬಗ್ಗೆ ಇರಲಿಲ್ಲ. ‘ಸ್ಕೂಲಲ್ಲಿ ಹೇಗಿರ್ತಾನೆ, ಸುಮ್ನೆ ಕೂರ್ತಾನಾ, ಜಗಳ ಆಡ್ತಾನಾ?’ ಎಂದು ಕೇಳಿದರು. ನನಗೆ ಆಶ್ಚರ್ಯವಾಯಿತು. ಅವರು ವಿವರಿಸಿದ್ದನ್ನು ಆಮೇಲೆ ಮನೆಯಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರಾತ್ರಿಗಳಗಟ್ಟಲೆ ಓದಿಕೊಂಡೆ.

ಉಸಿರು ಕಟ್ಟಿದಾಗಲೆಲ್ಲಾ ಅವನ ನಿದ್ದೆ ಒಡೆಯುತ್ತಿತ್ತು, ರಾತ್ರಿಯಿಡೀ ಮಲಗಿದರೂ ನಿದ್ದೆ ಸಾಲುತ್ತಿರಲಿಲ್ಲ. ನಾವು ದೊಡ್ಡವರು ನಿದ್ದೆಗೆಟ್ಟರೆ ಮಂಕಾಗುತ್ತೇವೆ, ತೂಕಡಿಸುತ್ತೇವೆ. ಅದನ್ನೇ ಮಕ್ಕಳಲ್ಲೂ ಹುಡುಕುತ್ತೇವೆ, ಅಲ್ಲೇ ನಾವು ತಪ್ಪುವುದು. ನಿದ್ದೆ ಸಾಲದ ಎಷ್ಟೋ ಮಕ್ಕಳು ತೂಕಡಿಸುವುದರ ಬದಲು ಕೆರಳುತ್ತವೆ. ಕೂತಲ್ಲಿ ಕೂರುವುದಿಲ್ಲ, ಸಣ್ಣದಕ್ಕೆ ಅಳುತ್ತವೆ, ಕೈ ಎತ್ತುತ್ತವೆ. ನಮ್ಮ ನಾಲೆ ಬಯಲಿನ ರೈತರಿಗೆ ನೀರುಗಂಟಿ ಗೊತ್ತು. ಯಾವ ತೂಬು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳುವವನು. ಹಣೆಯ ಹಿಂದಿರುವ ಮೆದುಳಿನ ಮುಂಭಾಗ ಮಾಡುವುದು ಹೆಚ್ಚುಕಮ್ಮಿ ಅದೇ ಕೆಲಸ: ಕೈ ಏಳುವ ಮೊದಲು ಒಂದು ಕ್ಷಣ ತಡೆದು, ಬೇಕೋ ಬೇಡವೋ ಎಂದು ನೋಡುವುದು. ಮಕ್ಕಳಲ್ಲಿ ಆ ಭಾಗ ಇನ್ನೂ ಬೆಳೆಯುತ್ತಿರುತ್ತದೆ, ನಿದ್ದೆ ಕೆಟ್ಟಾಗ ಮೊದಲು ಸೋಲುವುದರಲ್ಲಿ ಅದೂ ಒಂದು. ನೀರುಗಂಟಿ ತೂಬಿನ ಮೇಲೇ ಕಣ್ಣು ಮುಚ್ಚಿದರೆ ನೀರು ಎತ್ತ ನುಗ್ಗುತ್ತದೋ ಅತ್ತ ಗದ್ದೆ ಕೊಚ್ಚುತ್ತದೆ. ‘ಕೈ ಹೋಗ್ಬುಡ್ತು’ ಎಂದು ಆ ಹುಡುಗ ಹೇಳಿದ್ದು ಸುಳ್ಳಾಗಿರಲಿಲ್ಲ.

ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಒಂದು ಸಣ್ಣ ಪ್ರಯೋಗ ನನ್ನನ್ನು ಹಿಡಿದು ನಿಲ್ಲಿಸಿತು. 2012ರಲ್ಲಿ ಪ್ರಕಟವಾದದ್ದು. 7ರಿಂದ 11 ವರ್ಷದ 34 ಮಕ್ಕಳು, ಯಾವ ಕಾಯಿಲೆಯೂ ಇಲ್ಲದವರು. ಐದು ರಾತ್ರಿ ಅರ್ಧದಷ್ಟು ಮಕ್ಕಳನ್ನು ಎಂದಿಗಿಂತ ಬೇಗ ಮಲಗಿಸಿದರು, ಉಳಿದವರನ್ನು ತಡವಾಗಿ ಮಲಗಿಸಿದರು. ಬೇಗ ಮಲಗಿದವರಿಗೆ ಸಿಕ್ಕ ಹೆಚ್ಚುವರಿ ನಿದ್ದೆ ಸರಾಸರಿ 27 ನಿಮಿಷ. ಇನ್ನೊಂದು ಗುಂಪು ಕಳೆದುಕೊಂಡದ್ದು ಸರಾಸರಿ 54 ನಿಮಿಷ. ಯಾರು ಯಾವ ಗುಂಪಿನವರೆಂದು ಶಾಲೆಯ ಶಿಕ್ಷಕರಿಗೆ ಹೇಳಿರಲಿಲ್ಲ. ಆದರೂ ಅವರು ತುಂಬಿದ ಹಾಳೆಗಳಲ್ಲಿ ಹೆಚ್ಚು ಮಲಗಿದ ಮಕ್ಕಳ ಚಡಪಡಿಕೆ, ದುಡುಕು, ಸಿಡಿಮಿಡಿ ಕಮ್ಮಿಯಾಗಿತ್ತು, ಕಮ್ಮಿ ಮಲಗಿದವರಲ್ಲಿ ಹೆಚ್ಚಾಗಿತ್ತು. ಬರೀ 27 ನಿಮಿಷ ಸಾರ್! ಒಂದು ಧಾರಾವಾಹಿಯ ಒಂದು ಕಂತು. ಅದಕ್ಕಿಂತ ತುಂಬಾ ದೊಡ್ಡ ಲೆಕ್ಕವೂ ಇದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 9–10 ವರ್ಷದ 8,300ಕ್ಕೂ ಹೆಚ್ಚು ಮಕ್ಕಳ ವಿವರ ನೋಡಿ 2022ರಲ್ಲಿ ಬರೆದರು: ದಿನಕ್ಕೆ ಒಂಬತ್ತು ಗಂಟೆಗಿಂತ ಕಮ್ಮಿ ಮಲಗುವ ಮಕ್ಕಳಲ್ಲಿ ದುಡುಕು, ಆತಂಕ, ಖಿನ್ನತೆ ಹೆಚ್ಚಾಗಿತ್ತು, ಗಮನಕ್ಕೂ ಹತೋಟಿಗೂ ಬೇಕಾದ ಮೆದುಳಿನ ಕೆಲವು ಭಾಗಗಳಲ್ಲೂ ವ್ಯತ್ಯಾಸವಿತ್ತು, ಎರಡು ವರ್ಷದ ನಂತರ ನೋಡಿದಾಗಲೂ ಆ ವ್ಯತ್ಯಾಸ ಉಳಿದಿತ್ತು.

ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ನಿದ್ರಾ ತಜ್ಞರು ಹೇಳುತ್ತಾರೆ. ಬೆಳಗ್ಗೆ ಆರಕ್ಕೆ ಏಳುವ ಐದನೇ ಕ್ಲಾಸಿನ ಮಗು ರಾತ್ರಿ ಒಂಬತ್ತಕ್ಕೆ ಕಣ್ಣು ಮುಚ್ಚಿರಬೇಕು, ಅದೂ ಕಡೇಪಕ್ಷ. ನಮ್ಮಲ್ಲಿ ಯಾವ ಮನೆಯಲ್ಲಿ ಒಂಬತ್ತಕ್ಕೆ ದೀಪ ಆರುತ್ತದೆ? ಹೊಲದಿಂದ ಬಂದು, ದನಕ್ಕೆ ಹುಲ್ಲು ಹಾಕಿ, ಮುದ್ದೆ ತೊಳಸಿ, ಊಟ ಆಗುವಾಗಲೇ ಒಂಬತ್ತೂವರೆ. ಮನೆಗೆ ಇರುವುದು ಒಂದೇ ಕೋಣೆ, ಅಲ್ಲೇ ಟಿ.ವಿ., ಅಲ್ಲೇ ಹಾಸಿಗೆ. ದೊಡ್ಡವರ ಧಾರಾವಾಹಿ ಮುಗಿಯುವ ತನಕ ಮಗುವಿನ ಕಣ್ಣಿಗೂ ಆ ಬೆಳಕು ಬೀಳುತ್ತಿರುತ್ತದೆ. ಐಪಿಎಲ್ ಶುರುವಾದರೆ ಪಂದ್ಯ ಮುಗಿಯುವುದು ಹನ್ನೊಂದೂವರೆಗೆ, ಮಾರನೇ ದಿನ ಪ್ರಾರ್ಥನೆ ಸಾಲಿನಲ್ಲಿ ನಿಂತ ಮುಖ ನೋಡಿಯೇ ಯಾರು ಕಡೇ ಓವರ್ ತನಕ ನೋಡಿದ್ದಾರೆಂದು ನಾನು ಹೇಳಬಲ್ಲೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿ ತಂದ ಮೊಬೈಲು ಪಾಠ ಮುಗಿದರೂ ಹೊದಿಕೆಯೊಳಗಿಂದ ಹೊರಗೆ ಬಂದಿಲ್ಲ. ತಾಯಂದಿರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಹದಿನೈದು ಗಂಟೆ ದುಡಿದವರು ಅರ್ಧ ಗಂಟೆ ಟಿ.ವಿ. ನೋಡುವುದು ತಪ್ಪೆಂದು ನಾನು ಹೇಳಲಾರೆ. ಮಗುವಿನ ಚಾಪೆಯನ್ನು ಟಿ.ವಿ. ಬೆಳಕು ಬೀಳದ ಕಡೆ ಹಾಸಿ, ಸೌಂಡು ಇಳಿಸಿ ಎಂದಷ್ಟೇ ಕೇಳುತ್ತೇನೆ.

ಆದರೆ ಮನೆಯವರ ಕೈಯಲ್ಲಿಲ್ಲದ ನಿದ್ದೆಯೂ ಇದೆ, ಅದನ್ನು ನಿಮ್ಮ ಪತ್ರಿಕೆ ಓದುವ ಅಧಿಕಾರಿಗಳು ಗಮನಿಸಬೇಕು. ಏಳನೇ ತರಗತಿಯ ಒಬ್ಬ ಹುಡುಗ ಸಹಪಾಠಿಯ ಕೈ ಕಚ್ಚಿದ. ಹನ್ನೆರಡು ವರ್ಷದವನು ಕಚ್ಚುವುದೇ? ವಿಚಾರಿಸಿದೆ. ನಮ್ಮ ಕಡೆ ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಟ ಗೊತ್ತಿರುವುದೇ. ರಾತ್ರಿ ಪಾಳಿ ಕರೆಂಟು ಬಂದ ವಾರವೆಲ್ಲಾ ಅಪ್ಪ ಒಬ್ಬನೇ ಹೋಗಬಾರದೆಂದು ಈ ಹುಡುಗ ಟಾರ್ಚ್ ಹಿಡಿದು, ತಗಡು ಬಡಿಯುತ್ತಾ ಜತೆಗೆ ಹೋಗುತ್ತಾನೆ. ರಾತ್ರಿ ಒಂದಕ್ಕೆ ಹೋಗಿ, ಮೋಟರ್ ಹಾಕಿ, ಮೂರೂವರೆಗೆ ವಾಪಸು. ಅವನಿಗೆ ಅದು ಹೆಮ್ಮೆ, ‘ನಮ್ಮಪ್ಪನ್ಗೆ ನಾನೇ ಗಾರ್ಡು ಸಾ’ ಎಂದ. ಈ ಮಗುವಿಗೆ ನಾನು ಯಾವ ಶಿಸ್ತು ಕಲಿಸಲಿ? ಪಂಪ್‌ಸೆಟ್ಟಿಗೆ ಹಗಲಲ್ಲೇ ಕರೆಂಟು ಕೊಡಿ ಎಂದು ರೈತರು ಕೇಳುತ್ತಾ ಬಂದಿದ್ದಾರೆ, ಸೌರ ವಿದ್ಯುತ್ತಿನ ಕುಸುಮ್ ಯೋಜನೆಯಲ್ಲಿ ಅದು ಸಾಧ್ಯವೆಂದು ಸರ್ಕಾರವೂ ಹೇಳುತ್ತಿದೆ. ಆ ಬೇಡಿಕೆಯಲ್ಲಿ ಶಾಲೆಯ ಮಕ್ಕಳ ಪಾಲೂ ಇದೆ ಎಂದು ನಮ್ಮ ಕಡೆಯ ವಿದ್ಯುತ್ ಕಂಪನಿ ಚೆಸ್ಕಾಂನವರು ತಿಳಿಯಲಿ.

ಧ್ವನಿವರ್ಧಕದ ಮಾತನ್ನೂ ಹೇಳಿಬಿಡುತ್ತೇನೆ. ನಾನೂ ಧನುರ್ಮಾಸದ ಪೂಜೆಗೆ ಹೋಗುವವನೇ. ಆದರೆ 2000ದ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮೈಕು ಬಳಸಬಾರದೆಂದು ಬರೆದಿದೆ. ಬೆಳಗಿನ ಜಾವ ನಾಲ್ಕೂವರೆಗೆ ಊರ ನಡುವಿನ ಹಾರ್ನ್ ಶುರುವಾದರೆ ದೇವಸ್ಥಾನದ ಬೀದಿಯ ಮಕ್ಕಳು ತಿಂಗಳಿಡೀ ನಿದ್ದೆಗೆಡುತ್ತಾರೆ. ಮದುವೆ ಮೆರವಣಿಗೆಯ ಡಿ.ಜೆ.ಗೂ ಇದೇ ಮಾತು.

ಮನೆಯ ವಿಚಾರಕ್ಕೆ ಬರುತ್ತೇನೆ. ನನ್ನ ಮಗಳು ಕಳೆದ ವರ್ಷ ಎಸ್ಸೆಸ್ಸೆಲ್ಸಿ. ಫಲಿತಾಂಶ ಹೆಚ್ಚಿಸಬೇಕೆಂದು ಅವಳ ಶಾಲೆಯವರು ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತಿದ್ದರು. ಸಂಜೆ ವಿಶೇಷ ತರಗತಿ, ರಾತ್ರಿ ಹನ್ನೊಂದರ ತನಕ ಓದು, ನಿದ್ದೆ ಬಾರದಿರಲೆಂದು ನನ್ನ ಹೆಂಡತಿಯೇ ಕಾಫಿ ಮಾಡಿಕೊಡುತ್ತಿದ್ದಳು. ಎಲ್ಲರದೂ ಒಳ್ಳೆಯ ಮನಸ್ಸೇ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ತಂದು ತೋರಿಸಿದಳು. ಮೂರು ಕಡೆ ಪ್ರಶ್ನೆ ಪೂರ್ತಿ ಓದದೆ, ಮೊದಲ ಸಾಲು ನೋಡಿಯೇ ಉತ್ತರ ಬರೆದುಬಿಟ್ಟಿದ್ದಳು. ಬರುವ ಲೆಕ್ಕಗಳೇ. ‘ಯಾಕಮ್ಮ ಅವಸರ?’ ಎಂದಿದ್ದಕ್ಕೆ ಪೆನ್ ಬಾಕ್ಸನ್ನು ಗೋಡೆಗೆ ಎಸೆದಳು, ಆಮೇಲೆ ತಾನೇ ಗಾಬರಿಯಾಗಿ ಅತ್ತಳು. ಖೋ ಬೀಳುವ ಮೊದಲೇ ಏಳುತ್ತಿದ್ದ ಹುಡುಗನ ಮುಖ ಆ ಹೊತ್ತಲ್ಲಿ ನನಗೆ ಅವಳಲ್ಲಿ ಕಂಡಿತು. ಹರೆಯಕ್ಕೆ ಬಂದ ಮಕ್ಕಳ ಮೈಯ ಗಡಿಯಾರವೇ ತಡವಾಗುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ಅವರಲ್ಲಿ ತಡವಾಗಿ ಒಸರುತ್ತದೆ, ಬೇಗ ಮಲಗು ಎಂದರೂ ನಿದ್ದೆ ಹತ್ತುವುದಿಲ್ಲ. ಅಂಥವರನ್ನು ಐದಕ್ಕೆ ಎಬ್ಬಿಸಿದರೆ ಕತ್ತರಿ ಬೀಳುವುದು ನಿದ್ದೆಗೇ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2022ರ ಜುಲೈಯಿಂದ ಹೈಸ್ಕೂಲುಗಳು ಬೆಳಗ್ಗೆ ಎಂಟೂವರೆಗೆ ಮೊದಲು ಶುರುವಾಗಬಾರದೆಂದು ಕಾನೂನೇ ಇದೆ. ನಮ್ಮ ಪಕ್ಕದ ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಾಲ್ಕನೇ ತರಗತಿಯವರೆಗಿನ ಶಾಲೆಗಳು ಒಂಬತ್ತಕ್ಕೆ ಮೊದಲು ಬೇಡ ಎಂದು ಆದೇಶಿಸಿತು, ಕಾರಣ ಮಕ್ಕಳ ನಿದ್ದೆ. ಮಂಡ್ಯ ಪಟ್ಟಣದಲ್ಲಿ ಏಳೂಕಾಲಿಗೆ ವ್ಯಾನ್ ಹತ್ತುವ ಎಲ್‌ಕೆಜಿ ಮಕ್ಕಳನ್ನು ನೋಡಿದಾಗ ನನಗೆ ಆ ಆದೇಶ ನೆನಪಾಗುತ್ತದೆ. ಸೀಟಿನ ಕಂಬಿಗೆ ಹಣೆ ಒರಗಿಸಿ ಮಲಗಿರುತ್ತವೆ.

ಇಷ್ಟು ಬರೆದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಚೇಷ್ಟೆ ಮಾಡುವ ಪ್ರತಿ ಮಗುವೂ ನಿದ್ದೆಗೆಟ್ಟ ಮಗುವಲ್ಲ. ಗಮನ ನಿಲ್ಲದ, ಅತಿ ಚಟುವಟಿಕೆಯ ಎಡಿಎಚ್‌ಡಿ ಎನ್ನುವ ಸಮಸ್ಯೆ ನಿಜವಾಗಿಯೂ ಇದೆ, ಅಂಥ ಮಕ್ಕಳಿಗೂ ನಿದ್ದೆಯ ತೊಂದರೆ ಜತೆಗೇ ಇರುವುದುಂಟು. ಯಾವುದರಿಂದ ಯಾವುದು ಎಂದು ಹೇಳಬೇಕಾದವರು ವೈದ್ಯರು, ನಾನಲ್ಲ. ಗೊರಕೆ ಹೊಡೆಯುವ ಎಲ್ಲರಿಗೂ ಅಡಿನಾಯ್ಡ್, ಟಾನ್ಸಿಲ್ ತೆಗೆಯುವ ಆಪರೇಷನ್ ಬೇಕೆಂದೂ ಅಲ್ಲ. ಅಮೆರಿಕದಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಷನ್ ಆದವರಲ್ಲಿ ನೂರಕ್ಕೆ 79 ಮಕ್ಕಳ ನಿದ್ದೆ ಏಳು ತಿಂಗಳಲ್ಲಿ ಸರಿಹೋಯಿತು. ಆಪರೇಷನ್ ಮಾಡದೆ ಕಾದು ನೋಡಿದವರಲ್ಲೂ ನೂರಕ್ಕೆ 46 ಮಂದಿಗೆ ತಾನಾಗೇ ಸರಿಹೋಯಿತು. ಆಪರೇಷನ್ ಆದವರ ನಡವಳಿಕೆ ಸುಧಾರಿಸಿತು, ಆದರೆ ಗಮನದ ಪರೀಕ್ಷೆಯಲ್ಲಿ ಎರಡು ಗುಂಪಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇದನ್ನು ಬಚ್ಚಿಟ್ಟು ಬರೆಯುವುದು ನ್ಯಾಯವಲ್ಲ. ಇನ್ನೊಂದು ಮಾತು ಕೈಮುಗಿದು ಹೇಳುತ್ತೇನೆ: ಮಗು ಮಲಗಲೆಂದು ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಸಬೇಡಿ. ಹಾಗೆ ಮಾಡುವ ಎರಡು ಮನೆ ನನಗೇ ಗೊತ್ತು.

ರಾತ್ರಿ ‘ಕಾಲು ಸೆಳೀತದೆ, ಅದುಮಜ್ಜಿ’ ಎಂದು ಅಳುವ, ಮಲಗಿದರೂ ಕಾಲು ಒದರುವ ಮಕ್ಕಳಿದ್ದಾರೆ. ಅದರ ಹಿಂದೆ ಕೆಲವೊಮ್ಮೆ ಕಬ್ಬಿಣಾಂಶದ ಕೊರತೆ ಇರುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ, ನೀಲಿ ಮಾತ್ರೆಗಳನ್ನು ಕಿಟಕಿಯಾಚೆ ಎಸೆಯುವುದನ್ನು ನಾನು ಎಷ್ಟೋ ಸಲ ನೋಡಿ ಸುಮ್ಮನಿದ್ದೆ. ಈಗ ಊಟವಾದ ಮೇಲೆ ಎದುರು ನಿಂತು ನುಂಗಿಸುತ್ತೇನೆ.

ಆ ಹುಡುಗನಿಗೆ ದಸರಾ ರಜೆಯಲ್ಲಿ ಆಪರೇಷನ್ ಆಯಿತು. ಮೊದಲ ವಾರ ಗಂಟಲು ನೋವೆಂದು ಏನೂ ತಿನ್ನಲಿಲ್ಲ, ಗಂಜಿಯಲ್ಲೇ ಕಳೆದ. ಮೂರನೇ ವಾರದ ಹೊತ್ತಿಗೆ ಅಜ್ಜಿಗೆ ಭಯ ಶುರುವಾಯಿತು, ರಾತ್ರಿ ಸದ್ದೇ ಇಲ್ಲವಲ್ಲ ಎಂದು ಎದ್ದೆದ್ದು ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದರಂತೆ. ಚಾಪೆ ಒಣಗಿರುತ್ತದೆ. ಅವನೇನೂ ರಾತ್ರೋರಾತ್ರಿ ಸಾಧುವಾಗಲಿಲ್ಲ. ಹೋಂವರ್ಕ್ ಈಗಲೂ ಮರೆಯುತ್ತಾನೆ, ಈಗಲೂ ಮಾತು ಜಾಸ್ತಿ. ಆದರೆ ಜನವರಿಯಿಂದೀಚೆಗೆ ಖೋ ಖೋ ಅಂಕಣದಲ್ಲಿ ಅವನ ಫೌಲು ನನ್ನ ಪುಸ್ತಕದಲ್ಲಿ ಅಪರೂಪ. ಕೂತಿರುವಾಗ ಬೆರಳು ಮಣ್ಣಿಗೆ ಊರಿ, ತುಟಿ ಕಚ್ಚಿಕೊಂಡು ಕಾಯುತ್ತಾನೆ. ಹುಣಸೆ ಮರದ ಕೆಳಗಿನ ಆ ಹುಡುಗಿಯ ಹುಬ್ಬಿನ ಮೇಲಿನ ಗುರುತು ಹೋಗಿಲ್ಲ, ಕಾರಣ ನಿದ್ದೆ ಎಂದ ಮಾತ್ರಕ್ಕೆ ಅವಳ ನೋವು ಕಮ್ಮಿಯಾಗುವುದಿಲ್ಲ. ಅವನು ತಾನಾಗೇ ಅವಳ ಮನೆಗೆ ಹೋಗಿ ಕ್ಷಮೆ ಕೇಳಿ ಬಂದ. ನಾನೂ ಅವನ ಹತ್ತಿರ ಆ ಎರಡು ಸುತ್ತಿನ ಬಗ್ಗೆ ಕ್ಷಮೆ ಕೇಳಿದೆ. ‘ಬುಡಿ ಸಾ’ ಎಂದ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬಂದು ಮಕ್ಕಳ ಕಣ್ಣು, ಕಿವಿ, ಹಲ್ಲು, ಹೃದಯ ನೋಡುತ್ತದೆ. ಆದರೆ ಹಗಲಲ್ಲಿ ಬರುವ ವೈದ್ಯರಿಗೆ ರಾತ್ರಿಯ ಗೊರಕೆ ಕೇಳಿಸುವುದಿಲ್ಲ, ಅದನ್ನು ಮನೆಯವರು ಹೇಳಬೇಕು, ಕೇಳಿ ಬರೆದಿಡುವವರು ನಾವಾಗಬೇಕು. ತಂಡ ಬರುವ ಮೊದಲು ಪ್ರತಿ ಮಗುವಿನ ಮನೆಗೆ ಒಂದು ಚೀಟಿ ಕಳಿಸಿ ನಾಲ್ಕೇ ಪ್ರಶ್ನೆ ಕೇಳಬಹುದು. ಎಷ್ಟು ಹೊತ್ತಿಗೆ ಮಲಗುತ್ತದೆ, ಎಷ್ಟಕ್ಕೆ ಏಳುತ್ತದೆ, ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಗೊರಕೆ ಇದೆಯೇ, ಬಾಯಿ ಬಿಟ್ಟು ಮಲಗುತ್ತದೆಯೇ. ಓದುಬರಹ ಇಲ್ಲದ ಮನೆಗೆ ಮಕ್ಕಳೇ ಓದಿ ಹೇಳುತ್ತವೆ. ಜಿಲ್ಲೆಯ ಆರೋಗ್ಯಾಧಿಕಾರಿಗಳೂ ಶಿಕ್ಷಣ ಇಲಾಖೆಯ ಉಪನಿರ್ದೇಶಕರೂ ಒಂದು ಸುತ್ತೋಲೆ ಹೊರಡಿಸಿದರೆ ಸಾಕು, ಖರ್ಚು ಒಂದು ಹಾಳೆಯದು. ಬೆಳಗಿನ ಜಾವದ ಫೋನನ್ನೂ ದಯವಿಟ್ಟು ನಿಲ್ಲಿಸಲಿ. ನಮ್ಮ ಶಾಲೆಯಲ್ಲಿ ಈ ಚೀಟಿ ಜೂನ್‌ನಿಂದ ಹೋಗುತ್ತಿದೆ. ದೂರು ಬಂದ ಮಗುವನ್ನು ನನ್ನ ಹತ್ತಿರ ಕಳಿಸಿದರೆ ನಾನು ಈಗ ಮೊದಲು ಕೇಳುವುದು ರಾತ್ರಿಯ ವಿಚಾರ, ಆಮೇಲೆ ಕಲ್ಲಿನ ವಿಚಾರ. ನಿದ್ದೆ ಸಾಲದೆ ಬಂದವರಿಗೆ ಊಟದ ನಂತರ ಕ್ರೀಡಾ ಕೊಠಡಿಯಲ್ಲಿ ಜಿಮ್ನಾಸ್ಟಿಕ್ ಮ್ಯಾಟ್ ಹಾಸಿಕೊಟ್ಟು ಇಪ್ಪತ್ತು ನಿಮಿಷ ಮಲಗಿಸುತ್ತೇನೆ, ಹೆಡ್‌ಮಾಸ್ಟರ್ ಒಪ್ಪಿದ್ದಾರೆ.

ಮೊನ್ನೆ ಭಾನುವಾರ ಆ ಹುಡುಗನ ಅಜ್ಜಿ ಫೋನ್ ಮಾಡಿದ್ದರು. ಅವರ ಬೀದಿಯಲ್ಲಿ ಎರಡನೇ ಕ್ಲಾಸಿನ ಇನ್ನೊಂದು ಮಗು ಹೀಗೇ ಬಾಯಿ ಬಿಟ್ಟುಕೊಂಡು ಮಲಗುತ್ತಂತೆ, ಎದುರುಮನೆ ಜಗಲಿಯಲ್ಲಿ ಕೂತು ಉಸಿರು ಎಣಿಸಿದ್ದಾರೆ. ‘ಎಂಟರ ಗಂಟ ಎಣಿಸ್ದೆ ಸಾ, ಆಮೇಕ್ ಎದೆ ಹೊಡ್ಕಂಡ್ತು ನಂಗೆ’ ಎಂದರು. ಮಂಗಳವಾರ ಆ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಮಂಡ್ಯಕ್ಕೆ ಹೋಗುತ್ತಿದ್ದೇವೆ.

ಇತಿ,
ಒಬ್ಬ ದೈಹಿಕ ಶಿಕ್ಷಕ
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ
(ಮಕ್ಕಳ ಗುರುತು ಸಿಗಬಾರದೆಂದು ನನ್ನ ಹೆಸರು, ಊರು ಪ್ರಕಟಿಸಬೇಡಿ ಎಂದು ಕೋರುತ್ತೇನೆ.)